ಠಾಣೆಯಿಂದ ಆಸ್ಪತ್ರೆಗೆ: ಸೆಕ್ಷನ್ 100 ಅನ್ನು ನಾವು ಬಳಸುವ ಬಗೆ

ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಿ ಜಿಲ್ಲಾ ಮಟ್ಟದಲ್ಲಿ ದುಡಿಯುವ ನಮಗೆ ಠಾಣೆಯ ಕರೆ ಬರುವುದು ಹೆಚ್ಚಾಗಿ ಸಂಜೆಯ ಮೇಲೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅಂಗಡಿಯ ಗಾಜು ಒಡೆದಿರುತ್ತಾರೆ, ಇಲ್ಲವೇ ಹೆಸರು-ಊರು ಹೇಳಲಾಗದ ಹೆಂಗಸೊಬ್ಬರು ಹೆದ್ದಾರಿ ಪಕ್ಕ ಸಿಕ್ಕಿರುತ್ತಾರೆ. ಆ ವ್ಯಕ್ತಿ ಮುಂದೆ ಜೈಲು ಸೇರುತ್ತಾರೋ ಆಸ್ಪತ್ರೆ ಸೇರುತ್ತಾರೋ ಎಂಬುದು ಬಹುಪಾಲು ಠಾಣೆಯ ಮೊದಲ ಎರಡು-ಮೂರು ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಸ್ಟೇಷನ್ ಡೈರಿಯಲ್ಲಿ ಮೊದಲು ಯಾವ ಸೆಕ್ಷನ್ ಬೀಳುತ್ತದೋ ಮುಂದಿನ ಕಾಗದಗಳೆಲ್ಲ ಅದರ ಹಿಂದೆಯೇ ಸಾಗುತ್ತವೆ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆ) 170 ಬಿದ್ದರೆ ಅದು ಮುಂಜಾಗ್ರತಾ ಬಂಧನ. 128 ಬಿದ್ದರೆ ಸಂಶಯಾಸ್ಪದ ವ್ಯಕ್ತಿ ಅಂತ ಜಾಮೀನು ಮುಚ್ಚಳಿಕೆ. ಮುಚ್ಚಳಿಕೆಗೆ ಜಾಮೀನುದಾರರನ್ನು ಎಲ್ಲಿಂದ ತರುವುದು? ತರಲಾಗದವರು ಒಳಗೇ ಉಳಿಯುತ್ತಾರೆ. ಆದ್ದರಿಂದ ನಮ್ಮ ಶ್ರಮದ ಮುಕ್ಕಾಲು ಪಾಲು ಆ ಮೊದಲ ಸಾಲಿನ ಮೇಲೆಯೇ.

ಬೀಳಬೇಕಾದ ಸೆಕ್ಷನ್ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 100. ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು, ಅಥವಾ ಕಾಯಿಲೆಯ ಕಾರಣಕ್ಕೆ ತನಗೋ ಇತರರಿಗೋ ಅಪಾಯ ತರಬಹುದಾದವರನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಇದು ಅವರ ಕರ್ತವ್ಯ, ಬಂಧನವಲ್ಲ. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಉಪಕಲಂ 4 ಇನ್ನೂ ಖಚಿತ: ಹೀಗೆ ರಕ್ಷಣೆಗೆ ತೆಗೆದುಕೊಂಡವರನ್ನು ಯಾವುದೇ ಸಂದರ್ಭದಲ್ಲಿ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ.

ಈ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಆದರೂ ಹಳೆಯ 1987ರ ಕಾಯ್ದೆಯ ಅಭ್ಯಾಸ ಅನೇಕ ಕಡೆ ಹೋಗಿಲ್ಲ. ಅದಕ್ಕೊಂದು ಕಾರಣವಿದೆ. ಅಲ್ಲಿಯೂ 24 ಗಂಟೆಯ ಗಡುವೇ ಇತ್ತು, ಆದರೆ ಒಯ್ಯಬೇಕಾಗಿದ್ದುದು ಮ್ಯಾಜಿಸ್ಟ್ರೇಟರ ಮುಂದೆ. ಗಡುವು ಅದೇ ಉಳಿದು ಜಾಗ ಮಾತ್ರ ಬದಲಾಗಿದೆ. ‘ಮೊದಲು ಕೋರ್ಟಿನಿಂದ ಆರ್ಡರ್ ತನ್ನಿ’ ಎಂಬ ಮಾತು ಠಾಣೆಯಲ್ಲೂ ಆಸ್ಪತ್ರೆಯಲ್ಲೂ ಇಂದಿಗೂ ಕೇಳಿಸುವುದು ಇದರಿಂದಲೇ. ನೂರನೇ ಕಲಮಿನ ದಾರಿಗೆ ಕೋರ್ಟಿನ ಆದೇಶ ಬೇಕಿಲ್ಲ.

ಠಾಣೆಗೆ ಹೋಗುವಾಗ ನೂರನೇ ಕಲಮಿನ ಕನ್ನಡ ಪ್ರತಿಯನ್ನು ಒಂದೇ ಹಾಳೆಯಲ್ಲಿ ಇಟ್ಟುಕೊಂಡಿರುತ್ತೇವೆ. ಪಿಎಸ್‌ಐ ಅವರನ್ನೇ ಕಾಣಬೇಕು; ರಾತ್ರಿಯಾದರೆ ಠಾಣಾಧಿಕಾರಿಯ (ಎಸ್‌ಎಚ್‌ಓ) ಹೊಣೆ ಹೊತ್ತವರನ್ನು. ರೈಟರ್ ಎಫ್‌ಐಆರ್ ಬರೆಯತೊಡಗಿದ ಮೇಲೆ ಅಲ್ಲ, ಅದಕ್ಕೂ ಮೊದಲೇ. ಈ ಕಾಯ್ದೆ ಉಲ್ಲಂಘಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ ಎಂದು 108ನೇ ಕಲಂ ಹೇಳುತ್ತದೆ, ನಿಜ. ಅದನ್ನು ಠಾಣೆಯಲ್ಲಿ ಎತ್ತಬೇಡಿ. ಪೊಲೀಸರ ಆತಂಕ ಬೇರೆಯೇ: ಈ ಮನುಷ್ಯ ತಮ್ಮ ಠಾಣೆಯಲ್ಲಿ ಸತ್ತರೆ, ಓಡಿಹೋದರೆ, ಆಸ್ಪತ್ರೆಯವರು ವಾಪಸ್ ಕಳಿಸಿದರೆ ಏನು ಗತಿ? ಆ ಆತಂಕಕ್ಕೆ ಉತ್ತರ ಕೊಟ್ಟರೆ ಕೆಲಸ ಆಗುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಅಲ್ಲಿಂದಲೇ ಫೋನ್ ಹಚ್ಚಿ, ‘ಕರೆತನ್ನಿ, ನೋಡುತ್ತೇವೆ’ ಎಂಬ ಮಾತನ್ನು ಪಿಎಸ್‌ಐ ಕಿವಿಗೇ ಕೇಳಿಸುತ್ತೇವೆ.

ಆಮೇಲೆ ಬರಹ. ‘ತಲೆಕೆಟ್ಟವನಂತೆ ವರ್ತಿಸುತ್ತಿದ್ದನು’ ಎಂದು ಬರೆದರೆ ಅದು ಯಾರಿಗೂ ಉಪಯೋಗವಿಲ್ಲ. ಕಣ್ಣಿಗೆ ಕಂಡದ್ದನ್ನೇ ಬರೆಯಿಸಬೇಕು. ನಾವು ಸೂಚಿಸುವ ಒಕ್ಕಣೆ ಸುಮಾರು ಹೀಗಿರುತ್ತದೆ: ‘ಸಂಜೆ 6.40ಕ್ಕೆ ಬಸ್ ನಿಲ್ದಾಣದಲ್ಲಿ ಕಂಡುಬಂದಿದ್ದು, ಯಾರೂ ಇಲ್ಲದ ಕಡೆ ನೋಡಿ ಮಾತನಾಡುತ್ತಿದ್ದರು, ಮೈಮೇಲಿನ ಬಟ್ಟೆಯ ಪರಿವೆ ಇರಲಿಲ್ಲ, ಹೆಸರು ಊರು ಹೇಳಲು ಆಗಲಿಲ್ಲ, ಬಲಗಾಲಿನಲ್ಲಿ ಹಳೆಯ ಗಾಯವಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 100(1)(ಎ) ಅಡಿ ರಕ್ಷಣೆಗೆ ತೆಗೆದುಕೊಂಡು, ಕಲಂ 100(3)ರಂತೆ ತಪಾಸಣೆಗಾಗಿ ಕಳುಹಿಸಿದೆ.’ ರಕ್ಷಣೆಗೆ ತೆಗೆದುಕೊಂಡ ಸಮಯ ಇರಲೇಬೇಕು, 24 ಗಂಟೆ ಎಣಿಸುವುದು ಅಲ್ಲಿಂದ. ಗಾಯಗಳನ್ನು ಬರೆಯುವುದು ಪೊಲೀಸರಿಗೂ ರಕ್ಷಣೆ. ಇಲ್ಲದಿದ್ದರೆ ಠಾಣೆಯಲ್ಲಿ ಹೊಡೆದರೆಂಬ ಅನುಮಾನ ನಾಳೆ ಅವರ ಮೇಲೆಯೇ ಬರುತ್ತದೆ. ಈ ಒಕ್ಕಣೆಯ ಮೆಮೊದ ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಆಸ್ಪತ್ರೆಯ ಸೀಲು, ಸಮಯ ಹಾಕಿಸಿಕೊಂಡು ಠಾಣೆಗೆ ಮರಳಿಸಬೇಕು.

ಸೆಕ್ಷನ್ 100 ಅಪರಾಧವನ್ನು ಅಳಿಸಿಹಾಕುವುದಿಲ್ಲ. ಕೊಲೆ, ಅತ್ಯಾಚಾರದಂಥ ಆರೋಪವಿದ್ದಾಗ ಎಫ್‌ಐಆರ್ ಆಗಿಯೇ ಆಗುತ್ತದೆ. ಆಗ ನಾವು ಕೇಳುವುದು ಕಸ್ಟಡಿಯಲ್ಲಿದ್ದಾಗಲೂ ಚಿಕಿತ್ಸೆ ತಪ್ಪಬಾರದು ಎಂದಷ್ಟೆ. ಗಾಜು ಒಡೆದದ್ದು, ಬೈದಾಡಿದ್ದು, ಹೋಟೆಲಿನಲ್ಲಿ ತಿಂದು ದುಡ್ಡು ಕೊಡದೆ ಹೋದದ್ದು, ಇಂಥವುಗಳಲ್ಲಿ ದೂರುದಾರರ ಜೊತೆ ಕುಳಿತು ಮಾತಾಡಿದರೆ ಬಹಳಷ್ಟು ಸಲ ದೂರೇ ಬರುವುದಿಲ್ಲ. ಅಂಗಡಿಯವರಿಗೆ ಬೇಕಾಗಿರುವುದು ಇದು ಮತ್ತೆ ಆಗುವುದಿಲ್ಲ ಎಂಬ ಭರವಸೆ.

ಇನ್ನು ವ್ಯಕ್ತಿಯ ಜೊತೆಗಿನ ಮಾತು. ಜನರನ್ನು ಚದುರಿಸಿ, ಸೈರನ್, ವೈರ್‌ಲೆಸ್ ಸದ್ದು ತಗ್ಗಿಸಿ. ಒಬ್ಬರೇ ಮಾತಾಡಬೇಕು, ಉಳಿದವರು ಸುಮ್ಮನಿರಬೇಕು. ಎರಡು ತೋಳಿನಷ್ಟು ದೂರ ಬಿಟ್ಟು, ಎದುರಿಗಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ‘ನಿಮ್ಮನ್ನು ಯಾರೂ ಹಿಂಬಾಲಿಸುತ್ತಿಲ್ಲ’ ಎಂದು ವಾದಿಸುವುದಾಗಲಿ, ‘ಹೌದು, ನನಗೂ ಕಾಣಿಸುತ್ತಿದ್ದಾರೆ’ ಎಂದು ಹೂಂಗುಟ್ಟುವುದಾಗಲಿ ಬೇಡ. ‘ತುಂಬಾ ಭಯ ಆಗಿದೆ ಅನ್ನಿಸುತ್ತೆ, ನೀರು ಕುಡೀತೀರಾ?’ ಸಾಕು. ಎಲ್ಲಿಗೆ, ಯಾಕೆ ಕರೆದೊಯ್ಯುತ್ತಿದ್ದೇವೆ ಎಂದು ನಿಜ ಹೇಳಿ. ‘ಊರಿಗೆ ಬಿಡ್ತೀವಿ’ ಎಂದು ಸುಳ್ಳು ಹೇಳಿ ಜೀಪು ಹತ್ತಿಸಿದರೆ ಆಸ್ಪತ್ರೆಯ ಬಾಗಿಲಲ್ಲಿ ಗಲಾಟೆ ಇಮ್ಮಡಿಯಾಗುತ್ತದೆ, ಮುಂದೆ ವೈದ್ಯರ ಮಾತನ್ನೂ ಅವರು ನಂಬುವುದಿಲ್ಲ. ಕಾರಣ ತಿಳಿಸುವುದು ಉಪಕಲಂ 2ರ ಪ್ರಕಾರ ಕಡ್ಡಾಯ ಕೂಡ. ಹೆಂಗಸರಾದರೆ ಮಹಿಳಾ ಸಿಬ್ಬಂದಿ ಜೊತೆಗಿರಬೇಕು. ಹಿಡಿಯಲೇಬೇಕಾಗಿ ಬಂದರೆ ಬೋರಲು ಕೆಡವಿ ಬೆನ್ನಿನ ಮೇಲೆ ಮಂಡಿಯೂರುವುದು ಮಾತ್ರ ಖಂಡಿತ ಕೂಡದು. ಉಸಿರುಕಟ್ಟಿ ಸಾವು ಸಂಭವಿಸುವುದು ಹೀಗೆಯೇ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಜಾಗ ಮುಂದಿನದು. ಅಸಂಬದ್ಧವಾಗಿ ಮಾತಾಡುವವರೆಲ್ಲ ಮಾನಸಿಕ ಕಾಯಿಲೆಯವರಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೂ, ತಲೆಗೆ ಪೆಟ್ಟಾಗಿದ್ದರೂ, ಮಿದುಳು ಜ್ವರವಿದ್ದರೂ, ಸೋಡಿಯಂ ಕುಸಿದಿದ್ದರೂ, ಫಿಟ್ಸ್ ಬಂದು ಹೋಗಿದ್ದರೂ ಮನುಷ್ಯ ಹಾಗೆಯೇ ಆಡಬಹುದು. ಸಮಯ, ಜಾಗದ ಅರಿವಿಲ್ಲದಿರುವುದು, ಗಂಟೆಗೊಂದು ರೀತಿ ಇರುವುದು, ಕಿವಿಗೆ ಕೇಳಿಸುವುದಕ್ಕಿಂತ ಕಣ್ಣಿಗೆ ಏನೇನೋ ಕಾಣಿಸುವುದು, ನಲವತ್ತು ದಾಟಿದ ಮೇಲೆ ಮೊದಲ ಬಾರಿ ಹೀಗಾಗಿರುವುದು, ಇವೆಲ್ಲ ದೇಹದ ಕಡೆ ಬೆರಳು ತೋರಿಸುವ ಗುರುತುಗಳು. ಗ್ಲುಕೋಮೀಟರ್, ಥರ್ಮಾಮೀಟರ್, ನಾಡಿ, ಬಿಪಿ, ಆಮ್ಲಜನಕ ನೋಡಲು ಐದು ನಿಮಿಷ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಇದನ್ನು ಬಿಟ್ಟು ನೇರ ನಿಮ್ಹಾನ್ಸಿಗೋ ಧಾರವಾಡದ ಡಿಮ್ಹಾನ್ಸಿಗೋ ಗಾಡಿ ಓಡಿಸಿದರೆ ದಾರಿಯಲ್ಲೇ ಜೀವ ಹೋಗಬಹುದು. ಕಾಯ್ದೆ ‘ಹತ್ತಿರದ ಸಾರ್ವಜನಿಕ ಆರೋಗ್ಯ ಸಂಸ್ಥೆ’ ಎಂದಿರುವುದು ಇಲ್ಲಿ ಬಹಳ ಉಪಕಾರ ಮಾಡಿದೆ.

ಕುಡಿತ ಬಿಟ್ಟಾಗಿನ ಸನ್ನಿಯ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಜೈಲಿಗೂ ಇದಕ್ಕೂ ನೇರ ನಂಟಿದೆ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಸನ್ನಿ: ಕೈನಡುಕ, ಬೆವರು, ಜ್ವರ, ಗೋಡೆಯ ಮೇಲೆ ಹುಳು-ಹಾವು ಕಾಣಿಸುವುದು. ಲೆಕ್ಕ ಹಾಕಿ ನೋಡಿ. ಜಗಳದಲ್ಲಿ ಹಿಡಿದ ದಿನ ಆ ಮನುಷ್ಯ ಸರಿಯಾಗಿಯೇ ಇರುತ್ತಾರೆ, ಮಾರನೆಯ ದಿನ ರಿಮ್ಯಾಂಡ್ ಆಗುತ್ತದೆ, ಮೂರನೆಯ ದಿನ ಜೈಲಿನ ಬ್ಯಾರಕ್ಕಿನಲ್ಲಿ ಕಿರುಚತೊಡಗುತ್ತಾರೆ. ಅಲ್ಲಿ ಹುಚ್ಚೆಂದು ಕೂಡಿಹಾಕಿದರೆ ಸಾವೇ ಬರಬಹುದು. ಹಾಗಾಗಿ ‘ಕೊನೆಯ ಸಲ ಕುಡಿದದ್ದು ಯಾವಾಗ, ಎಷ್ಟು?’ ಎಂಬ ಪ್ರಶ್ನೆಯ ಉತ್ತರ ಮೆಮೊದಲ್ಲಿ ಬರಲಿ. ಇವರಿಗೆ ಬೇಕಾದದ್ದು ಲೊರಾಜೆಪಾಮ್ ಗುಂಪಿನ ಔಷಧ ಮತ್ತು ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್. ಥಯಾಮಿನ್ ಗ್ಲುಕೋಸ್ ಡ್ರಿಪ್‌ಗಿಂತ ಮೊದಲು ಹೋಗಬೇಕು. ಗಲಾಟೆ ಅಡಗಿಸಲೆಂದು ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟರೆ ಫಿಟ್ಸ್‌ಗೆ ದಾರಿಯಾಗುತ್ತದೆ. ಔಷಧ ಕೊಡುವುದು ವೈದ್ಯರೇ. ನಮ್ಮ ಕೆಲಸ ಈ ಮಾಹಿತಿಯನ್ನು ಅವರ ಕೈಗೆ ತಲುಪಿಸುವುದು.

ಆಸ್ಪತ್ರೆಯಲ್ಲಿ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ. ‘ಮನೋವೈದ್ಯರು ಇಲ್ಲ’ ಎಂದರೆ, 94ನೇ ಕಲಮಿನಡಿ ತುರ್ತು ಚಿಕಿತ್ಸೆಯನ್ನು ನೋಂದಾಯಿತ ವೈದ್ಯರು ಯಾರು ಬೇಕಾದರೂ ಕೊಡಬಹುದು. ಅದರ ಮಿತಿ 72 ಗಂಟೆ, ಅಥವಾ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ತಪಾಸಣೆ ಆಗುವ ತನಕ, ಯಾವುದು ಮೊದಲೋ ಅದು. ಆ ಹೊತ್ತಿನಲ್ಲಿ ವೈದ್ಯರಿಗೂ ಮನೆಯವರಿಗೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಸಿಗುತ್ತದೆ, ದಿನದ 24 ಗಂಟೆ. ‘ಸಹಿ ಹಾಕಲು ಯಾರೂ ಇಲ್ಲ’ ಎಂದರೆ, ನಾಮನಿರ್ದೇಶಿತ ಪ್ರತಿನಿಧಿ (ರೋಗಿಯ ಪರವಾಗಿ ನಿಲ್ಲುವವರು) ಇಲ್ಲದವರಿಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ನೇಮಿಸುವ ತನಕ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯ ಪ್ರತಿನಿಧಿ ತಾತ್ಕಾಲಿಕವಾಗಿ ಆ ಹೊಣೆ ಹೊರಬಹುದೆಂದು 14ನೇ ಕಲಮಿನಲ್ಲೇ ಇದೆ. ಸಂಸ್ಥೆಯ ಲೆಟರ್‌ಹೆಡ್ಡಿನ ಅರ್ಜಿ ಸದಾ ಸಿದ್ಧವಿಟ್ಟುಕೊಳ್ಳಿ. ‘ಅಟೆಂಡರ್ ಬೇಕು’ ಎಂಬುದಕ್ಕೆ ಕಾನೂನಿನಲ್ಲಿ ಉತ್ತರ ಹುಡುಕುವುದಕ್ಕಿಂತ ಮೊದಲ ಎರಡು ರಾತ್ರಿಗೆ ಒಬ್ಬ ಸ್ವಯಂಸೇವಕರನ್ನು ಕೂರಿಸುವುದು ಮೇಲು. ನರ್ಸ್‌ಗಳ ಕಷ್ಟವೂ ನಿಜವಾದದ್ದೇ.

ಎಫ್‌ಐಆರ್ ಆಗಿ ಕೋರ್ಟಿಗೆ ಹೋದ ಮೇಲೂ ಬಾಗಿಲು ಮುಚ್ಚಿಲ್ಲ. 102ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ತಪಾಸಣೆಗೆ ಕಳಿಸಬಹುದು, ಇಲ್ಲವೇ ಹತ್ತು ದಿನ ಮೀರದಂತೆ ದಾಖಲಾತಿಗೆ ಅನುಮತಿ ಕೊಡಬಹುದು. ಮೊದಲ ರಿಮ್ಯಾಂಡಿನ ದಿನವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಂದ ಅರ್ಜಿ ಹಾಕಿಸಬೇಕು; ಉಚಿತ ನೆರವಿನ ಸಂಖ್ಯೆ 15100. ಅರ್ಜಿಯ ಜೊತೆ ಘಟನೆಗೆ ಹಿಂದಿನ ತಾರೀಕಿನ ಕಾಗದಗಳು ಬೇಕು: ಓಪಿಡಿ ಚೀಟಿ, ಮಾತ್ರೆಯ ಬಿಲ್ಲು, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು. ಘಟನೆಯ ನಂತರ ಮಾಡಿಸಿದ ಸರ್ಟಿಫಿಕೇಟಿಗೆ ಅಷ್ಟು ತೂಕವಿಲ್ಲ.

ವಕೀಲರಿಗೆ ಒಂದು ಮಾತು ಒತ್ತಿ ಹೇಳುತ್ತೇವೆ. ಸಣ್ಣ ಕೇಸಿನಲ್ಲಿ, ವಿಚಾರಣೆ ಎದುರಿಸಲು ಆರೋಪಿ ಸಮರ್ಥರಲ್ಲ ಎಂಬ ಬಿಎನ್‌ಎಸ್‌ಎಸ್ 367ರ ದಾರಿ ಹಿಡಿಯುವ ಮುನ್ನ ಹತ್ತು ಸಲ ಯೋಚಿಸಿ. ಆ ದಾರಿಯಲ್ಲಿ ಕೇಸು ನಿಂತುಬಿಡುತ್ತದೆ, ನಿಂತದ್ದನ್ನು ಮತ್ತೆ ಎಬ್ಬಿಸುವವರು ಇರುವುದಿಲ್ಲ. ಅಸ್ಸಾಮಿನ ಮಚಾಂಗ್ ಲಾಲುಂಗ್ 1951ರಲ್ಲಿ ಬಂಧನವಾಗಿ, ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಹೋಗಿ, ವಿಚಾರಣೆಯೇ ಇಲ್ಲದೆ 54 ವರ್ಷ ಕಳೆದು 2005ರಲ್ಲಿ ಒಂದು ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಹೊರಬಂದರು. ಅಪರಾಧದ ಆರೋಪವೇ ಇಲ್ಲದ ಮಾನಸಿಕ ಅಸ್ವಸ್ಥರನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ ಎಂದು ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದ್ದರೂ ಲಾಲುಂಗ್ ಆಗ ಒಳಗೇ ಇದ್ದರು. ಸಣ್ಣ ಕೇಸಿನಲ್ಲಿ ಜಾಮೀನೇ ಒಳ್ಳೆಯ ದಾರಿ. ಜಾಮೀನುರಹಿತ ಕೇಸಿನಲ್ಲೂ ಅನಾರೋಗ್ಯದ ಕಾರಣಕ್ಕೆ ಕೊಡಲು ಬಿಎನ್‌ಎಸ್‌ಎಸ್ 480ರಲ್ಲಿ ಅವಕಾಶವಿದೆ. 367 ಅನಿವಾರ್ಯವಾದರೆ ಅದರ ಬೆನ್ನಿಗೇ 369 ಕೇಳಿ: ಒಳರೋಗಿಯಾಗಿ ಇರಬೇಕಾದ ಅಗತ್ಯವಿಲ್ಲದಿದ್ದರೆ, ಹೊರರೋಗಿ ಚಿಕಿತ್ಸೆ ಕೊಡಿಸುತ್ತೇವೆಂದು ಬಂಧುವೋ ಸ್ನೇಹಿತರೋ ಒಪ್ಪಿಕೊಂಡರೆ ಬಿಡುಗಡೆ ಸಿಗುತ್ತದೆ. ಜೈಲಿನಲ್ಲಿ ಈಗಾಗಲೇ ಇರುವವರಿಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಕಲಂ. ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಮಂಡಳಿಗೆ ವರದಿ ಕಳಿಸಬೇಕು. ನಿರ್ದಿಷ್ಟ ವ್ಯಕ್ತಿಯ ಹೆಸರು ಹೇಳಿ ಮಂಡಳಿಗೆ ನೇರ ಅರ್ಜಿ ಕೊಟ್ಟರೆ ಕೆಲಸ ಬೇಗ ಸಾಗುತ್ತದೆ.

ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸು ಹಾಕುತ್ತಾರೆಂಬ ಹೆದರಿಕೆಯಿಂದ ಮನೆಯವರು ಆಸ್ಪತ್ರೆಗೇ ತರದಿರುವುದುಂಟು. ಅದೇ ಕಾಯ್ದೆಯ 115ನೇ ಕಲಂ ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಶಿಕ್ಷೆಯಿಲ್ಲ. ಹಳೆಯ ದಂಡ ಸಂಹಿತೆಯ (ಐಪಿಸಿ) 309 ಕೂಡ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಉಳಿದಿಲ್ಲ. ಎಂಎಲ್‌ಸಿ (ಆಸ್ಪತ್ರೆಯಿಂದ ಪೊಲೀಸರಿಗೆ ಹೋಗುವ ವೈದ್ಯಕೀಯ-ಕಾನೂನು ದಾಖಲೆ) ಆಗುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಕಾಯಿಲೆ ಮರುಕಳಿಸುವವರ ಮನೆಯವರಿಗೆ ನಾವು ಒಂದು ಪುಟ ಬರೆಸಿಡುತ್ತೇವೆ: ರೋಗದ ಹೆಸರು, ಮಾತ್ರೆಗಳು ಮತ್ತು ಪ್ರಮಾಣ, ವೈದ್ಯರ ನಂಬರ್, ಯಾವ ಮಾತಿಗೆ ಅವರು ಸಮಾಧಾನವಾಗುತ್ತಾರೆ, ಯಾವುದಕ್ಕೆ ಬೆದರುತ್ತಾರೆ. ಅದರ ಫೋಟೊ ಮನೆಯ ಇಬ್ಬರ ಫೋನಿನಲ್ಲಿರಲಿ. 112ಕ್ಕೆ ಕರೆ ಮಾಡುವಾಗ ಮೊದಲ ವಾಕ್ಯವೇ ‘ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿದ್ದಾರೆ, ಆಸ್ಪತ್ರೆಗೆ ಸೇರಿಸಬೇಕು’ ಎಂದಿರಲಿ; ‘ಹೊಡೀತಿದ್ದಾನೆ, ಬನ್ನಿ’ ಎಂದಷ್ಟೇ ಹೇಳಿದರೆ ಬರುವವರು ಲಾಠಿ ಹಿಡಿದೇ ಬರುತ್ತಾರೆ.

ಅಲೆಯುತ್ತಿದ್ದವರ ವಿಷಯದಲ್ಲಿ ಕಾಣೆಯಾದವರ ಎಫ್‌ಐಆರ್ ದಾಖಲಿಸುವುದು 100(7)ರಂತೆ ಕಡ್ಡಾಯ. ಎಷ್ಟೋ ಠಾಣೆಗಳು ಇದನ್ನು ಬಿಟ್ಟುಬಿಡುತ್ತವೆ, ಆಮೇಲೆ ಕುಟುಂಬ ಹುಡುಕುವ ಹೊಣೆ ಯಾರದೂ ಆಗುವುದಿಲ್ಲ. ಮನೆಯವರ ಸುಳಿವು ಸಿಗುವುದು ಸಾಮಾನ್ಯವಾಗಿ ಔಷಧ ಹತ್ತಿ ಮಾತು ತಿಳಿಯಾದ ಮೇಲೆ. ಆಗ ಅವರ ಭಾಷೆ ಬಲ್ಲವರಿಂದಲೇ ಫೋನಿನಲ್ಲಿ ಮಾತಾಡಿಸಿ; ಬಂಗಾಳಿ, ಒಡಿಯಾ, ಭೋಜಪುರಿ ಮಾತಾಡುವವರು ನಮ್ಮ ಜಿಲ್ಲೆಗಳಲ್ಲೇ ದುಡಿಯುತ್ತಿದ್ದಾರೆ. ಜಿಲ್ಲೆಯ ಹೆಸರು ಹೇಳಲಾಗದವರೂ ಹತ್ತಿರದ ಸಂತೆ, ರೈಲು ನಿಲ್ದಾಣ, ಗುಡಿಯ ಹೆಸರು ಹೇಳುತ್ತಾರೆ. ಡಿಸ್ಚಾರ್ಜ್ ದಿನ ಕೊಡುವ ಚೀಟಿಯಲ್ಲಿ ಅವರೂರಿನ ಹತ್ತಿರದ ಸರ್ಕಾರಿ ಮನೋವೈದ್ಯಕೀಯ ಕ್ಲಿನಿಕ್ಕಿನ ವಾರ, ಕನಿಷ್ಠ ಒಂದು ತಿಂಗಳ ಮಾತ್ರೆ, ಡಿಪೋ (ವಾರಗಟ್ಟಲೆ ಕೆಲಸ ಮಾಡುವ) ಇಂಜೆಕ್ಷನ್ ಇದ್ದರೆ ಮುಂದಿನ ತಾರೀಕು ಇರಬೇಕು. ನಮ್ಮ ರಾಜ್ಯದವರಾದರೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಠಾಣೆಗೆ ತಿಳಿಸಬೇಕಾದದ್ದು ಆ ವ್ಯಕ್ತಿ ಎಲ್ಲಿಗೆ, ಯಾರ ಜೊತೆ ಹೋದರು ಎಂಬುದಷ್ಟೇ. ರೋಗದ ವಿವರ ಕೊಡಬೇಡಿ, 23ನೇ ಕಲಂ ಅದನ್ನು ಗೋಪ್ಯವಾಗಿಡಲು ಹೇಳುತ್ತದೆ.