ಕೆಎಎಸ್ ಪ್ರಿಲಿಮ್ಸ್: ಎರಡನೇ ಪತ್ರಿಕೆಯಿಂದ ಶುರು ಮಾಡಿದ್ದು

ರಾಜ್ಯ ಆಡಳಿತ ಸೇವೆಯ, ಅಂದರೆ ಕೆಎಎಸ್‌ನ, ಮೊದಲ ಹಂತದ ಪರೀಕ್ಷೆಯಾದ ಪ್ರಿಲಿಮ್ಸ್‌ಗೆ ಎರಡು ಪತ್ರಿಕೆ. ಒಂದೊಂದಕ್ಕೂ 100 ಪ್ರಶ್ನೆ, 200 ಅಂಕ, 2 ಗಂಟೆ. ಹೆಚ್ಚಿನವರು ಮೊದಲ ಪತ್ರಿಕೆಯ ಇತಿಹಾಸ, ಸಂವಿಧಾನದಲ್ಲೇ ತಿಂಗಳುಗಟ್ಟಲೆ ಮುಳುಗಿರುತ್ತಾರೆ. ನಾನು ಎರಡನೆಯದನ್ನು ಮೊದಲು ಹಿಡಿದೆ. ಅದರಲ್ಲಿ ರಾಜ್ಯಕ್ಕೆ ಸಂಬಂಧಿಸಿದ ಪ್ರಶ್ನೆ 40, ವಿಜ್ಞಾನ-ಪರಿಸರ 30, ಮೆಂಟಲ್ ಎಬಿಲಿಟಿ (ತರ್ಕ, ಲೆಕ್ಕ) 30. ಮೆಂಟಲ್ ಎಬಿಲಿಟಿಯನ್ನು ಓದಿ ಕಲಿಯಲಾಗದು, ಕೈ ಪಳಗಬೇಕು. ದಿನಕ್ಕೆ 10 ಲೆಕ್ಕ, 15 ನಿಮಿಷ, ಭಾನುವಾರವೂ ಬಿಡದೆ.

ರಾಜ್ಯದ ಪ್ರಶ್ನೆಗಳಿಗೆ ನೋಟ್ಸ್ ಮಾಡುವಾಗ ಒಂದು ವಿಷಯಕ್ಕೆ ಒಂದೇ ಹಾಳೆ. ಪ್ರಾದೇಶಿಕ ಅಸಮತೋಲನದ ಹಾಳೆ ಹೀಗಿತ್ತು: ಮೇಲೆ 1956ರ ನವೆಂಬರ್ 1, ಏಕೀಕರಣ. ಅದರ ಕೆಳಗೆ ನಂಜುಂಡಪ್ಪ ಸಮಿತಿ, 2002ರ ವರದಿ. ಆಗಿನ 175 ತಾಲ್ಲೂಕುಗಳಲ್ಲಿ ಹಿಂದುಳಿದವು 114. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಬರೀ ಹಿಂದುಳಿದವು 35. ಆಮೇಲೆ ಸಂವಿಧಾನದ 98ನೇ ತಿದ್ದುಪಡಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371ಜೆ ವಿಧಿ. ಕೆಂಪು ಪೆನ್ನಿನಲ್ಲಿ ಒಂದು ಎಚ್ಚರಿಕೆ: ತಿದ್ದುಪಡಿಯಾದಾಗ ಆ ಭಾಗದ ಜಿಲ್ಲೆಗಳು 6, 2021ರಲ್ಲಿ ವಿಜಯನಗರ ಬೇರೆಯಾದ ಮೇಲೆ 7. ಹಳೆಯ ಗೈಡ್ ನಂಬಿದವರು ಇಂಥಲ್ಲೇ ಜಾರುತ್ತಾರೆ. ಯೋಜನೆ, ಬೆಳೆ, ನೀರಾವರಿ ಅಂಕಿಗಳಿಗೆ ಗೈಡ್ ಬೇಡವೇ ಬೇಡ. ಬಜೆಟ್ ಜೊತೆಗೆ ಬರುವ ರಾಜ್ಯದ ಆರ್ಥಿಕ ಸಮೀಕ್ಷೆ ಕನ್ನಡದಲ್ಲೇ ಸಿಗುತ್ತದೆ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದ ಮೇಲೆ ತಪ್ಪಾದ ಪ್ರತಿ ಉತ್ತರದ ಮುಂದೆ ಕಾರಣ ಬರೆಯುತ್ತಿದ್ದೆ: ಗೊತ್ತಿರಲಿಲ್ಲ, ಮರೆತೆ, ಪ್ರಶ್ನೆ ಸರಿಯಾಗಿ ಓದಲಿಲ್ಲ. ಮೂರನೆಯದನ್ನು ಕಡೆಗಣಿಸಬೇಡಿ. ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬಲ್ಲಿ ‘ಅಲ್ಲದ’ ಕಣ್ತಪ್ಪಿದರೆ ಓದಿದ್ದೆಲ್ಲ ನೀರುಪಾಲು. ಆ ಪದಕ್ಕೆ ಗೀಟು ಹಾಕದೆ ಉತ್ತರಕ್ಕೆ ಕೈ ಹಾಕುತ್ತಿರಲಿಲ್ಲ.

ನೆಗೆಟಿವ್ ಮಾರ್ಕಿಂಗ್‌ಗೆ ಹೆದರಿ ಪ್ರಶ್ನೆ ಬಿಡುವವರು ಈ ಲೆಕ್ಕ ನೋಡಿ. ಸರಿಗೆ 2 ಅಂಕ, ತಪ್ಪಿಗೆ ಕಾಲು ಭಾಗ, ಅಂದರೆ ಅರ್ಧ ಅಂಕ ಹೋಗುತ್ತದೆ. ನಾಲ್ಕರಲ್ಲಿ ಎರಡು ಆಯ್ಕೆ ಖಚಿತವಾಗಿ ತೆಗೆದುಹಾಕಿದರೆ, ಅಂಥ 10 ಪ್ರಶ್ನೆಗಳಲ್ಲಿ ಸರಾಸರಿ 5 ಸರಿ, 5 ತಪ್ಪು: 10 ಬಂತು, 2.5 ಹೋಯಿತು, ಉಳಿದದ್ದು 7.5. ಒಂದನ್ನೇ ತೆಗೆದರೂ ಲಾಭ ಇದೆ, ಸುಮಾರು 3.3. ಏನೂ ಗೊತ್ತಿಲ್ಲದಿದ್ದರೆ ಸಿಗುವುದು ಬರೀ 1.25, ಅವನ್ನು ಬಿಟ್ಟೆ.

ಓಎಂಆರ್, ಅಂದರೆ ಉತ್ತರಕ್ಕೆ ವೃತ್ತ ತುಂಬುವ ಹಾಳೆ, ಅದನ್ನು ತುಂಬುವುದನ್ನು ಕೊನೆಗೆ ಇಟ್ಟುಕೊಳ್ಳಬಾರದು. ಒಂದು ವೃತ್ತಕ್ಕೆ 8 ಸೆಕೆಂಡ್ ಅಂದರೂ 100ಕ್ಕೆ 13 ನಿಮಿಷ ಬೇಕು. ಆತುರದಲ್ಲಿ ಒಂದು ಸಾಲು ತಪ್ಪಿದರೆ ಕೆಳಗಿನವೆಲ್ಲ ತಪ್ಪು. 10 ಪ್ರಶ್ನೆಗೊಮ್ಮೆ ತುಂಬಿ, ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪ್ರಶ್ನೆಪುಸ್ತಿಕೆಯಲ್ಲಿ ಸುತ್ತು ಹಾಕಿಕೊಳ್ಳುತ್ತಿದ್ದೆ. ಮನೆಯ ಅಭ್ಯಾಸವೂ ಮುದ್ರಿತ ಹಾಳೆಯಲ್ಲೇ.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ಮಾತು. 2024ರ ಆಗಸ್ಟ್ 27ರ ಪರೀಕ್ಷೆಯಲ್ಲಿ ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಬೇಕಾಯಿತು. ಸರಿಯಾದ ಕನ್ನಡ ಕೇಳುವುದು ನಮ್ಮ ಹಕ್ಕು, ಅದನ್ನು ಬಿಡಬಾರದು. ಆದರೆ ಪರೀಕ್ಷಾ ಕೊಠಡಿಯೊಳಗೆ ವಾಕ್ಯ ಅರ್ಥವಾಗದಿದ್ದರೆ ಅದರ ಇಂಗ್ಲಿಷ್ ರೂಪ ನೋಡಲೇಬೇಕು. ಅದಕ್ಕಾಗಿ ನೋಟ್ಸ್‌ನ ಕೊನೆಯಲ್ಲಿ ಜೋಡಿ ಪದಗಳ ಪಟ್ಟಿ ಬೆಳೆಸಿದ್ದೆ: ವಿತ್ತೀಯ ಕೊರತೆ ಎಂದರೆ ಫಿಸ್ಕಲ್ ಡೆಫಿಸಿಟ್, ರಾಜಸ್ವ ಕೊರತೆ ಎಂದರೆ ರೆವೆನ್ಯೂ ಡೆಫಿಸಿಟ್. ದಿನಕ್ಕೆ ಐದು ಜೋಡಿ ಸೇರಿಸುತ್ತಾ ಹೋದರೆ ಮೂರು ತಿಂಗಳಲ್ಲಿ 450 ಆಗುತ್ತವೆ.