ಒಂದು ರೂಪಾಯಿ ನಾಣ್ಯದಲ್ಲಿ ಬಿಚ್ಚುವ ಡೈವಿಂಗ್ ಮಾಸ್ಕ್: ನನ್ನ ಅನುಭವ

ಜನವರಿಯಲ್ಲಿ ಮುರುಡೇಶ್ವರದ ಕಡೆಯ ನೇತ್ರಾಣಿ ದ್ವೀಪದ ಹತ್ತಿರ 12 ಮೀಟರ್ ಕೆಳಗೆ ಸುಮಾರು ಅರ್ಧ ಗಂಟೆ ಇದ್ದೆ. ಮುಖದ ಮೇಲಿದ್ದದ್ದು ನಾನೇ ಮಾಡಿದ ಮಾಸ್ಕ್. ಒಳಗೆ ಒಂದು ಹನಿ ನೀರಿಲ್ಲ. ಬೋಟ್ ಹತ್ತಿದ ಮೇಲೆ ಒಂದು ರೂಪಾಯಿ ನಾಣ್ಯದಿಂದ ಲಾಕ್ ತಿರುಗಿಸಿ, ಎರಡೂ ಗ್ಲಾಸ್ ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ. ನೋಡಿದವರೆಲ್ಲ ಮೂರು ವರ್ಷದಿಂದ "ತೆಗೆಯೋ ಗ್ಲಾಸ್ ಅಂದ್ರೆ ಸೋರೋ ಗ್ಲಾಸ್" ಅನ್ನುತ್ತಿದ್ದವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕುಶಾಲನಗರದಲ್ಲಿ ನನ್ನದು ಕನ್ನಡಕದ ಅಂಗಡಿ. ಮಳೆಗಾಲದಲ್ಲಿ ಕಾವೇರಿಯಲ್ಲಿ ಯಾರಾದರೂ ಕೊಚ್ಚಿಹೋದರೆ ಹುಡುಕಲು ಇಳಿಯುವ ಹುಡುಗರು ನನ್ನ ಗಿರಾಕಿಗಳು. ಅವರಲ್ಲಿ ಒಬ್ಬನಿಗೆ ಮೈನಸ್ 4. ಕನ್ನಡಕ ಹಾಕಿದರೆ ಕಡ್ಡಿ ಅಡ್ಡ ಬಂದು ಮಾಸ್ಕ್ ಸೀಲ್ ಆಗುವುದಿಲ್ಲ, ಬಿಚ್ಚಿದರೆ ಏನೂ ನೆಟ್ಟಗೆ ಕಾಣುವುದಿಲ್ಲ. ಫ್ರೇಮ್‌ಲೆಸ್ ಮಾಸ್ಕಲ್ಲಿ ಗ್ಲಾಸ್ ಸಿಲಿಕೋನಿಗೇ ಅಂಟಿರುತ್ತದೆ. ಫ್ರೇಮ್ ಇರುವ ಎಷ್ಟೋ ಮಾಸ್ಕುಗಳಲ್ಲೂ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕು, ಎರಡನೇ ಸಲಕ್ಕೆ ಕ್ಲಿಪ್ ಮುರಿಯುತ್ತದೆ. ಹೊಳೆಯ ಹೂಳು ಸಂದಿಯಲ್ಲಿ ಕೂತು ಕಪ್ಪು ಬೂಷ್ಟು ಬೇರೆ. "ಅಣ್ಣ, ನನ್ನ ಗ್ಲಾಸ್ ನಾನು ಜೇಬಲ್ಲಿ ಇಟ್ಕೊಂಡು ಬರ್ತೀನಿ, ಟೀಮಿನ ಯಾವ ಮಾಸ್ಕಿಗಾದ್ರೂ ಕೂರೋ ಹಾಗೆ ಮಾಡಿಕೊಡಿ" ಎಂದ. ಅಲ್ಲಿಂದ ಶುರು.

ಮೊದಲು ಗ್ಲಾಸ್ ಹಿಡಿದಿಡಲು ನಾಲ್ಕು ಪುಟ್ಟ ಸ್ಕ್ರೂ ಹಾಕಿದ ರಿಂಗ್. ಸೋರಲಿಲ್ಲ. ಆದರೆ ಹೊಳೆ ದಂಡೆಯ ಮರಳಲ್ಲಿ ಒಂದು ಸ್ಕ್ರೂ ಬಿತ್ತು ಅಂದರೆ ಆ ದಿನ ಮುಗಿಯಿತು. ಆಮೇಲೆ ಒತ್ತಿ ಕೂರಿಸುವ ರಿಂಗ್, ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕಲ್ಲಿ 3ಡಿ ಪ್ರಿಂಟ್ ಹೊಡೆದದ್ದು. ಫೆಬ್ರವರಿ ಬಿಸಿಲಲ್ಲಿ ಕಾಫಿ ಕಣದ ಪಕ್ಕ ನಿಲ್ಲಿಸಿದ್ದ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ದೆ, ಸಂಜೆಗೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಬಿಸಿ ಇನ್ನಷ್ಟು ತಡೆಯುವ ಪಿಇಟಿಜಿ ಪ್ಲಾಸ್ಟಿಕ್ಕಿಗೆ ಬದಲಾಯಿಸಿದೆ. ಗೆಳೆಯನ ತೋಟದ ಕೆರೆಗೆ ದಡದಿಂದ ಹಾರಿದ ಕೂಡಲೇ ಎಡಗಡೆ ಗ್ಲಾಸ್ ಕಳಚಿ ಕೆಸರು ಸೇರಿತು.

ಆ ಗ್ಲಾಸ್ ಕಳೆದುಕೊಂಡಾಗಲೇ ವಿಷಯ ಹೊಳೆದದ್ದು. ಕೆಳಗೆ ಇಳಿದಷ್ಟೂ ನೀರು ಗ್ಲಾಸನ್ನು ಒಳಕ್ಕೇ ಒತ್ತುತ್ತದೆ, ಅಲ್ವಾ? ಹೊರಗಿನಿಂದ ಕೂರಿಸಿದ ಗ್ಲಾಸಿಗೆ ಅಲ್ಲಿ ಭಯವಿಲ್ಲ. ಅಪಾಯ ಇರುವುದು ಬೇರೆ ಕಡೆ: ಹಾರಿದಾಗ ಫ್ರೇಮ್ ತಿರುಚುತ್ತದೆ, ಸ್ಟ್ರಾಪ್ ಎಳೆಯುತ್ತದೆ, ಮಾಸ್ಕ್ ಕ್ಲಿಯರ್ ಮಾಡಲು, ಅಂದರೆ ಒಳಗೆ ಬಂದ ನೀರು ಹೊರಹಾಕಲು, ಮೂಗಿನಿಂದ ಜೋರಾಗಿ ಊದುತ್ತೇವೆ. ಲಾಕ್ ತಡೆಯಬೇಕಾದದ್ದು ಇಷ್ಟನ್ನೇ. ಹಾಗಾಗಿ ಮೂಗಿನ ಕಡೆ ಒಂದು ಕೊಕ್ಕೆ, ಕಿವಿಯ ಕಡೆ ಕಾಲು ಸುತ್ತು ತಿರುಗುವ ಒಂದು ಲಾಕ್. ಅಷ್ಟೇ. ಸ್ಟ್ರಾಪಿನ ಬಕಲ್ ರಿಂಗಿಗೆ ತಾಗದ ಹಾಗೆ ಹಿಂದಕ್ಕೆ ಸರಿಸಿದೆ.

ಪವರ್ ಗ್ಲಾಸ್ ಇನ್ನೂ ಕಷ್ಟ ಕೊಟ್ಟಿತು. ಹೊರಮುಖ ಚಪ್ಪಟೆ ಇರಲೇಬೇಕು, ಪವರ್ ಎಲ್ಲ ಒಳಮುಖದಲ್ಲಿ. ಹೊರಮುಖ ಉಬ್ಬಿದ್ದರೆ ನೀರಿನೊಳಗೆ ನಂಬರೇ ಬದಲಾಗುತ್ತದೆ. ಆದರೆ ಮೈನಸ್ ಜಾಸ್ತಿಯಾದಷ್ಟೂ ಅಂಚು ದಪ್ಪ. ಪ್ಲೇನ್ ಗ್ಲಾಸಿಗೆ ಸರಿಯಾದ ಲಾಕ್ ಮೈನಸ್ 4ಕ್ಕೆ ಮುಚ್ಚುವುದೇ ಇಲ್ಲ. ಜೊತೆಗೆ ಗುಳಿಯಾದ ಮುಖ ಸಿಲಿಕೋನ್ ಮೇಲೆ ನೆಟ್ಟಗೆ ಕೂರುವುದಿಲ್ಲ. ಎರಡಕ್ಕೂ ಒಂದೇ ಉಪಾಯ ಸಿಕ್ಕಿತು. ಒಳಮುಖದ ಅಂಚಿನಲ್ಲಿ ಸುತ್ತಲೂ ಒಂದು ಮೆಟ್ಟಿಲು ಉಜ್ಜಿದೆ. ನಂಬರ್ ಎಷ್ಟಾದರೂ ಇರಲಿ, ಆ ಮೆಟ್ಟಿಲ ಹತ್ತಿರ ದಪ್ಪ 3 ಮಿಲಿಮೀಟರ್, ಮುಖ ಚಪ್ಪಟೆ. ನಮ್ಮ ಕಡೆ ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ. ಮೆಟ್ಟಿಲನ್ನು ನುಣುಪು ಮಾಡುವ ಬಗೆ, ಲಾಕಿನ ಇಳಿಜಾರು, ಇವೆರಡನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಉಜ್ಜುವುದೆಲ್ಲ ಟೆಂಪರಿಂಗ್‌ಗೆ, ಅಂದರೆ ಗ್ಲಾಸನ್ನು ಗಟ್ಟಿ ಮಾಡಿಸುವುದಕ್ಕೆ, ಮುಂಚೆ. ಒಂದು ಸಲ ಟೆಂಪರ್ ಆಗಿ ಬಂದ ಗ್ಲಾಸ್ ಅರ್ಧ ಮಿಲಿಮೀಟರ್ ದೊಡ್ಡದಿತ್ತು. ಇಷ್ಟೇ ತಾನೇ ಎಂದು ಮೆಷಿನ್ನಿಗೆ ಹಿಡಿದೆ. ಠಪ್ ಎಂದು ಕಲ್ಲುಸಕ್ಕರೆಯ ಹಾಗೆ ಉದುರಿತು. ಆ ಅಳತೆಯ ಆರು ಜೊತೆ ಹಾಗೇ ಮೂಲೆಗೆ ಹೋದವು.

ಸೋರಿಕೆ ನೋಡಲು ದೊಡ್ಡ ಸಾಮಾನೇನೂ ಬೇಕಿಲ್ಲ. ಪಾಲಿಶ್ ಮಾಡಿದ ಗ್ರಾನೈಟ್ ತುಂಡಿಗೆ ಮಾಸ್ಕ್ ಬಿಗಿದು, ಒಳಗೆ ಇಂಕ್ ಪೆನ್ನಲ್ಲಿ ಗೀಚಿದ ಟಿಶ್ಯೂ ಇಟ್ಟು, ಹಗ್ಗ ಕಟ್ಟಿ ಕೆರೆಗೆ ಇಳಿಸುತ್ತಿದ್ದೆ. ಹದಿನೈದು ಅಡಿ, ಒಂದು ರಾತ್ರಿ. ಬೆಳಿಗ್ಗೆ ಇಂಕ್ ಎಲ್ಲಿ ಹರಡಿದೆಯೋ ಅಲ್ಲೇ ತೂತು. ಹೆಚ್ಚಿನ ಸಲ ಅದು ಪ್ರಿಂಟಿನ ಪದರದ ಗೆರೆ, ಗ್ಲಾಸಿನ ಅಂಚು ಅಲ್ಲ. ಗ್ಲಾಸ್ ಕೂರುವ ಸೀಟನ್ನು 800ರ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜುವ ಉಪ್ಪು ಕಾಗದ) ಉಜ್ಜಿದ ಮೇಲೆ ಸೋರುವುದು ನಿಂತಿತು. ಕುಕ್ಕರ್ ಗ್ಯಾಸ್ಕೆಟ್ ಕತ್ತರಿಸಿಯೂ ನೋಡಿದ್ದೆ, ತುಂಬಾ ಗಟ್ಟಿ. ಸ್ಕರ್ಟಿನ, ಅಂದರೆ ಮುಖಕ್ಕೆ ಕೂರುವ ಸಿಲಿಕೋನ್ ಭಾಗದ, ತುಟಿಯೇ ಸಾಕಾಯಿತು.

ನಡುವೆ ಮಂಜು ಕಟ್ಟದಿರಲಿ ಎಂದು ಅಂಟುವಾಳದ ನೊರೆ ಹಚ್ಚಿದ್ದೆ. ನಿಜವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ಸರಿಯಾಗಿ ತೊಳೆಯದಿದ್ದರೆ ಕಣ್ಣು ಮಾತ್ರ ಎರಡು ದಿನ ಕೆಂಡ. ಈಗ ಬೇಬಿ ಶಾಂಪೂ.

ಖರ್ಚು ಒಟ್ಟು ಅರವತ್ತು, ಅರವತ್ತೈದು ಸಾವಿರ ಆಗಿರಬೇಕು. ಅದರಲ್ಲಿ ಗ್ಲಾಸಿಗೇ ಹದಿನಾಲ್ಕು. ಒಂದು ವರ್ಷದ ಕಾಳುಮೆಣಸಿನ ದುಡ್ಡು ಪೂರ್ತಿ ಇದಕ್ಕೇ ಹೋಯಿತು, ಮನೆಯಲ್ಲಿ ಮಾತು ಕೇಳಿದ್ದೇನೆ. ಈಗ ಒಂದು ಮಾಸ್ಕ್ ಎರಡು ಸಾವಿರದ ಮುನ್ನೂರರ ಆಸುಪಾಸಿಗೆ ಬೀಳುತ್ತದೆ, ಪವರ್ ಗ್ಲಾಸ್ ಜೊತೆಗೆ ಇನ್ನೊಂದು ಸಾವಿರದ ಎಂಟುನೂರು.

ಟೀಮಿಗೆ ನಾಲ್ಕು ಮಾಸ್ಕ್ ಕೊಟ್ಟಿದ್ದೇನೆ. ಆ ಹುಡುಗನ ಜಾಕೆಟ್ ಜೇಬಲ್ಲಿ ಹಳೇ ಕನ್ನಡಕದ ಡಬ್ಬಿ ಇದೆ. ಅದರೊಳಗೆ ಬಟ್ಟೆ ಸುತ್ತಿದ ಎರಡು ಗ್ಲಾಸ್. ಕತ್ತಲಲ್ಲೂ ಗೊತ್ತಾಗಲಿ ಎಂದು ಬಲಗಡೆಯದರ ಅಂಚಿಗೆ ಉಗುರಿಗೆ ತಾಗುವಷ್ಟು ಒಂದು ಸಣ್ಣ ಗೀರು, ಟೆಂಪರಿಂಗ್‌ಗೆ ಮುಂಚೆಯೇ, ಹಾಕಿಕೊಟ್ಟಿದ್ದೇನೆ.