ಗಡಿ ಮುಟ್ಟಿದ ಕಣ ಯಾವ ಕಡೆ ಹೋಗಬೇಕು? ಎರಡು ಪದರದ ಡಿಫ್ಯೂಷನ್, ನನ್ನ ಅನುಭವ

ಕಂಪ್ಯೂಟರಿನೊಳಗೆ ಒಂದು ಮುಚ್ಚಿದ ಪೆಟ್ಟಿಗೆ. ಎಡ ಅರ್ಧದಲ್ಲಿ ಡಿಫ್ಯೂಷನ್ ಗುಣಾಂಕ (ಕಣಗಳು ಎಷ್ಟು ಬೇಗ ಹರಡುತ್ತವೆ ಅನ್ನುವ ಅಳತೆ) 1, ಬಲ ಅರ್ಧದಲ್ಲಿ 4. ಅದರೊಳಗೆ 10,000 ಕಣಗಳನ್ನು ಸಮವಾಗಿ ಹರಡಿ ಓಡಾಡಲು ಬಿಟ್ಟೆ. ಫಿಕ್ ನಿಯಮದ ಪ್ರಕಾರ ಸಾಂದ್ರತೆ ಎಲ್ಲ ಕಡೆ ಒಂದೇ ಇದ್ದರೆ ಹರಿವೇ ಇಲ್ಲ, ಅಂದಮೇಲೆ ಎಷ್ಟು ಹೊತ್ತು ಬಿಟ್ಟರೂ ಆ ಕಡೆ 5,000, ಈ ಕಡೆ 5,000 ಇರಬೇಕು, ಅಲ್ವಾ? ನನ್ನ ಕೋಡಿನಲ್ಲಿ ಎಡಗಡೆ ಹತ್ತಿರ ಹತ್ತಿರ 8,000 ಸೇರಿಕೊಂಡವು.

ಮೊದಲು ರ‍್ಯಾಂಡಮ್ ನಂಬರ್ ಮೇಲೆ ಅನುಮಾನ ಬಂತು. ಆಮೇಲೆ ಕಾಲದ ಹೆಜ್ಜೆಯನ್ನು ನೂರು ಪಟ್ಟು ಚಿಕ್ಕದು ಮಾಡಿ ನೋಡಿದೆ. 8,000 ಕದಲಲಿಲ್ಲ. ಅಲ್ಲಿಗೆ ಗೊತ್ತಾಯ್ತು, ನಾನು ಬಿಡಿಸುತ್ತಿದ್ದ ಸಮೀಕರಣವೇ ಬೇರೆ. ಕಣ ಹೆಜ್ಜೆಯ ಮೊದಲು ನಿಂತ ಜಾಗದ ಗುಣಾಂಕ ನೋಡಿ ಹೆಜ್ಜೆ ಇಡಿಸಿದರೆ ಅದು ಗಣಿತಜ್ಞ ಇಟೋ ಹೆಸರಿನ ಲೆಕ್ಕ. ಅದರಲ್ಲಿ ಗುಣಾಂಕ ಜಾಸ್ತಿ ಇದ್ದಲ್ಲಿ ಸಾಂದ್ರತೆ ಅಷ್ಟೇ ಪಟ್ಟು ಕಡಿಮೆ. ಗುಣಾಂಕ ನಿಧಾನವಾಗಿ ಬದಲಾಗುವಲ್ಲಿ ಅದರ ಇಳಿಜಾರನ್ನು ಡ್ರಿಫ್ಟ್ ಆಗಿ, ಅಂದರೆ ಒಂದೇ ದಿಕ್ಕಿನ ಸಣ್ಣ ತಳ್ಳಾಗಿ, ಸೇರಿಸಿದರೆ ಸರಿಹೋಗುತ್ತದೆ. ಇಲ್ಲಿ ಅದು ಒಮ್ಮೆಗೇ 1ರಿಂದ 4ಕ್ಕೆ ಹಾರುತ್ತದೆ, ಇಳಿಜಾರು ಎಲ್ಲಿಂದ ತರೋದು?

ದಾರಿ ಸಿಕ್ಕಿದ್ದು ಅಳತೆಪಟ್ಟಿ ಬದಲಿಸಿದಾಗ. ಗಡಿಯಿಂದ ಇರುವ ದೂರವನ್ನು ಆಯಾ ಬದಿಯ ಗುಣಾಂಕದ ವರ್ಗಮೂಲದಿಂದ ಭಾಗಿಸಿದೆ. ಈಗ ಎರಡೂ ಬದಿಯಲ್ಲಿ ಹೆಜ್ಜೆ ಒಂದೇ ಗಾತ್ರ. ಗಡಿ ಮುಟ್ಟಿದ ಕಣವನ್ನು ಸುಮ್ನೆ ಅರ್ಧ-ಅರ್ಧ ಅವಕಾಶ ಕೊಟ್ಟು ಬಿಟ್ಟೆ. ಎಡಕ್ಕೆ ಸುಮಾರು 6,667 ಬಂದವು. ಕಡಿಮೆಯಾಯ್ತು, ಸರಿಯಾಗಲಿಲ್ಲ.

ಆಗ ಕಾಗದ ತಗೊಂಡು ಕೂತೆ. ಗಡಿಯ ಮೇಲೆಯೇ ಒಂದು ತೊಟ್ಟು ಬಣ್ಣ ಇಟ್ಟರೆ ಬಲಕ್ಕೆ ಅದು ಎಡಕ್ಕಿಂತ √4, ಅಂದರೆ ಎರಡು ಪಟ್ಟು ದೂರ ಹರಡುತ್ತದೆ. ಆದರೆ ಗಡಿಯಲ್ಲಿ ಸಾಂದ್ರತೆ ಎರಡೂ ಕಡೆ ಒಂದೇ ಇರಬೇಕು. ಎತ್ತರ ಒಂದೇ, ಅಗಲ ಎರಡು ಪಟ್ಟು, ಹಾಗಾದರೆ ಬಲಗಡೆ ಬಣ್ಣವೂ ಎರಡು ಪಟ್ಟು. ಬಲಕ್ಕೆ 2/3, ಎಡಕ್ಕೆ 1/3! ಹೊಸ ಅಳತೆಯಲ್ಲಿ ಇದೇ ಸ್ಕ್ಯೂ ಬ್ರೌನಿಯನ್ ಚಲನೆ, ಅಂದರೆ ಗಡಿಯಲ್ಲಿ ಮಾತ್ರ ಒಂದು ಬದಿಗೆ ವಾಲುವ ಯಾದೃಚ್ಛಿಕ ಓಡಾಟ. 1960ರ ದಶಕದಲ್ಲಿ ಇಟೋ ಮತ್ತು ಮೆಕ್ಕೀನ್ ಇದನ್ನು ತಂದರು. 1981ರಲ್ಲಿ ಹ್ಯಾರಿಸನ್ ಮತ್ತು ಶೆಪ್ ಇದಕ್ಕೆ ಲೋಕಲ್ ಟೈಮ್ (ಕಣ ಗಡಿಯನ್ನು ಎಷ್ಟು ಮುಟ್ಟಿತು ಅನ್ನುವ ಲೆಕ್ಕ) ಇರುವ ಸಮೀಕರಣದ ಮೇಲೆ ಕೆಲಸ ಮಾಡಿದರು. ಕಣ ಗಡಿಯಲ್ಲಿದ್ದಾಗ ಮಾತ್ರ ಬೀಳುವ ಆ ಪುಟ್ಟ ತಳ್ಳು ನನಗೆ ತುಂಬ ಇಷ್ಟ.

ಇನ್ನೊಂದು ಕಡೆ ಎಡವಬಹುದು. ಹೆಜ್ಜೆಯ ಮೊದಲೂ ಕೊನೆಯೂ ಒಂದೇ ಬದಿಯಲ್ಲಿದ್ದರೂ ನಡುವೆ ಕಣ ಗಡಿ ಮುಟ್ಟಿ ಬಂದಿರಬಹುದು. ಹೆಜ್ಜೆಯ ಮೊದಲಲ್ಲೂ ಕೊನೆಯಲ್ಲೂ ಗಡಿಯಿಂದ ಇರುವ ದೂರಗಳನ್ನು ಹೊಸ ಅಳತೆಯಲ್ಲಿ ತಗೊಂಡು ಗುಣಿಸಿ, ಕಾಲದ ಹೆಜ್ಜೆಯಿಂದ ಭಾಗಿಸಿ, ಮೈನಸ್ ಹಾಕಿ ಎಕ್ಸ್‌ಪೊನೆನ್ಷಿಯಲ್ ತೆಗೆದರೆ ಅದರ ಸಂಭವನೀಯತೆ ಸಿಗುತ್ತದೆ. ಎರಡೂ ದೂರ 0.1, ಕಾಲದ ಹೆಜ್ಜೆ 0.01 ಇದ್ದರೆ ಸುಮಾರು 37%. ಬಿಡುವಷ್ಟು ಚಿಕ್ಕದಲ್ಲ! ಹೀಗೆ ಮುಟ್ಟಿದ ಕಣಕ್ಕೂ 2/3 ಅವಕಾಶದಲ್ಲಿ ಬಲಕ್ಕೆ ಬೀಳುವ ನಾಣ್ಯ ಹಾಕಬೇಕು, ದೂರ ಹಾಗೇ ಇಟ್ಟು ಬದಿ ಮಾತ್ರ ಆರಿಸಬೇಕು.

ಎರಡನ್ನೂ ಸೇರಿಸಿ ಮತ್ತೆ ಓಡಿಸಿದೆ. ಎಡಗಡೆಯ ಎಣಿಕೆ 5,000ದ ಸುತ್ತ, ಹೆಚ್ಚಾಗಿ 50ರಷ್ಟು ಆಚೆ ಈಚೆ, ನಿಂತಿತು. ಕಾಲದ ಹೆಜ್ಜೆ ದೊಡ್ಡದು ಮಾಡಿದರೂ ಅಷ್ಟೇ. ಈಗ ರಂಧ್ರಗಳ ಪಾಲು ಬೇರೆ ಬೇರೆ ಇರುವ ಪದರಗಳಿಗೆ ಇದನ್ನೇ ಹಾಕುತ್ತಿದ್ದೇನೆ. ಅಲ್ಲಿ ನಾಣ್ಯದ ತೂಕ ಬರೀ ವರ್ಗಮೂಲ ಅಲ್ಲ, ಅದನ್ನು ರಂಧ್ರಗಳ ಪಾಲಿನಿಂದಲೂ ಗುಣಿಸಬೇಕು.